ಕೌಲ್ ಬಜಾರ್‌ನ ಮೀಟರ್ ಚಾಚಾ

ಮೊದಲೇ ಹೇಳಿಬಿಡುತ್ತೇನೆ. ಈ ಅಂಗಡಿಗೆ ಬೋರ್ಡ್ ಇಲ್ಲ, ಬಿಲ್ ಕೊಡಲ್ಲ, ಕೂರಲು ಇರುವುದು ಒಂದೇ ಸ್ಟೂಲು. ಅದರದ್ದೂ ಒಂದು ಕಾಲು ಗಿಡ್ಡ. ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಯುವ ಶೆಡ್‌ಗಳ ನಡುವೆ ಸಿಕ್ಕಿಕೊಂಡಿದೆ. ಆಟೋ, ಲಾರಿ, ಟ್ರ್ಯಾಕ್ಟರ್ ಮೀಟರ್ ರಿಪೇರಿ ಇಲ್ಲಿನ ಚಾಚಾ ಅವರ ದಿನದ ಕೆಲಸ. ನಾನು ತೆಗೆದುಕೊಂಡು ಹೋದದ್ದು ಅಪ್ಪ ಬಿಟ್ಟುಹೋದ 1969ರ ಎಂಜಿಬಿ.

ಇಂಗ್ಲೆಂಡಿನ ಅಬಿಂಗ್‌ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಸ್ಪೋರ್ಟ್ಸ್ ಕಾರು ಅದು. ನಮ್ಮದು ಎರಡೇ ಸೀಟಿನದು, ಟಾಪ್ ತೆಗೆಯಬಹುದು. ಬಳ್ಳಾರಿ ಬಿಸಿಲಿಗೆ ಟಾಪ್ ತೆಗೆದರೆ ತಲೆ ಒಗ್ಗರಣೆ ಆಗುತ್ತೆ ಅಂತ ಬೆಳಗಿನ ಆರಕ್ಕೇ ಹೊರಡುತ್ತೇನೆ. ಹಾಗೆ ಹೊರಟ ಒಂದು ದಿನ, ತೋರಣಗಲ್ಲು ದಾಟಿದ ಮೇಲೆ ಸ್ಪೀಡಿನ ಮುಳ್ಳು 30ಕ್ಕೂ 50ಕ್ಕೂ ನಡುವೆ ಜೋಕಾಲಿ ಆಡತೊಡಗಿತು. ಡ್ಯಾಶ್‌ಬೋರ್ಡ್ ಹಿಂದೆ ಕೀಚ್ ಕೀಚ್ ಸದ್ದು. ಐದು ನಿಮಿಷಕ್ಕೆ ಮುಳ್ಳು ಸೊನ್ನೆಗೆ ಬಿದ್ದು ಮಲಗಿತು.

ಹೋದ ವರ್ಷ ಕಾರು ಸರ್ವಿಸ್ ಮಾಡಿದ್ದ ಬೇರೆ ಊರಿನ ವರ್ಕ್‌ಶಾಪಿಗೆ ಫೋನ್ ಮಾಡಿದೆ. ಹೆಸರು ಬೇಡ ಬಿಡಿ. ಕಾರನ್ನು ನೋಡದೆಯೇ "ಮೀಟರ್ ಹೋಗಿದೆ ಮೇಡಂ, ಹೊರಗಿಂದ ತರಿಸಬೇಕು, 22 ಸಾವಿರ" ಅಂದರು.

ಚಾಚಾ ಕೇಳಿದ್ದು ಒಂದೇ ಪ್ರಶ್ನೆ. "ಮುಳ್ಳು ನಿಂತಾಗ ಮೈಲಿ ಅಂಕಿ ತಿರುಗ್ತಿತ್ತಾ ಅಮ್ಮಾ?"

ನೆನಪು ಮಾಡಿಕೊಂಡೆ. ಇಲ್ಲ, ಅದೂ ನಿಂತಿತ್ತು.

"ಹಂಗಿದ್ರೆ ಮೀಟರ್‌ನ ಈಗ್ಲೇ ಯಾಕೆ ಬೈಯೋದು" ಅಂದರು. ಅಂಕಿ ಓಡುತ್ತಿದ್ದು ಮುಳ್ಳು ಮಾತ್ರ ಸತ್ತಿದ್ದರೆ ದೋಷ ಮೀಟರ್ ಒಳಗಿನದು. ಮುಳ್ಳು ಆಡುತ್ತಿದ್ದು ಅಂಕಿ ನಿಂತರೂ ಹಾಗೇ, ಒಳಗಿನ ಹಲ್ಲು ಸವೆದಿರುತ್ತೆ. ಎರಡೂ ಒಟ್ಟಿಗೆ ನಿಂತರೆ ಮೊದಲು ನೋಡಬೇಕಾದ್ದು ಗೇರ್‌ಬಾಕ್ಸಿನಿಂದ ಬರುವ ಕೇಬಲ್. ಮೀಟರ್ ಹಿಂದಿನ ನಟ್ಟು ಬಿಚ್ಚಿ ಕೇಬಲ್ ತುದಿ ಹೊರಗೆಳೆದರು. ಕಾರನ್ನು ಇಪ್ಪತ್ತು ಅಡಿ ಮುಂದೆ ತಳ್ಳಿಸಿದರು. ತುದಿ ಅಲ್ಲಾಡಲಿಲ್ಲ. ಒಳತಂತಿ ಎಳೆದರೆ ಅರ್ಧವೇ ಕೈಗೆ ಬಂತು.

ಹೊಸ ಕೇಬಲ್ ಹಾಕಿ ಕಳಿಸಬಹುದಿತ್ತು. ಕಳಿಸಲಿಲ್ಲ. ಇವರ ಅಂಗಡಿ ಬಗ್ಗೆ ಬರೆಯಬೇಕು ಅನ್ನಿಸಿದ್ದೇ ಇಲ್ಲಿ. "ತಂತಿ ಸುಮ್ನೆ ಮುರಿಯಲ್ಲಮ್ಮಾ, ಯಾರೋ ಹಿಡ್ಕೊಂಡಿರ್ತಾರೆ." ಮೀಟರ್ ಹಿಂದಿನ ತೂತಿಗೆ ಚೌಕ ಕಡ್ಡಿ ಇಟ್ಟು ಬೆರಳಲ್ಲಿ ತಿರುಗಿಸಿದರು. ಬಿಗಿ. ಹಳೆಯ ಎಣ್ಣೆ ಒಣಗಿ ಅಂಟಾಗಿತ್ತು. ಪಕ್ಕದ ಶೆಡ್‌ನಿಂದ ಹೊಲಿಗೆ ಮಷಿನ್ ಎಣ್ಣೆ ತರಿಸಿ, ಸೂಜಿ ತುದಿಯಲ್ಲಿ ಒಂದೇ ಹನಿ ಬಿಟ್ಟರು. ಇನ್ನೊಂದು ಹನಿ ಬಿಡಿ ಅಂದೆ, ನಕ್ಕರು. ಒಳಗೆ ಒಂದು ಅಯಸ್ಕಾಂತ ತಿರುಗುತ್ತೆ. ಅದು ಮುಟ್ಟದೆಯೇ ಪಕ್ಕದ ಲೋಹದ ಬಟ್ಟಲನ್ನು ಎಳೆಯುತ್ತೆ, ಬಟ್ಟಲಿಗೆ ಮುಳ್ಳು ಕೂತಿದೆ. ನಡುವೆ ಎಣ್ಣೆ ಸೇರಿದರೆ ಎರಡೂ ಅಂಟಿಕೊಂಡು, ಕಾರು ತೆವಳುತ್ತಿದ್ದರೂ ಮುಳ್ಳು ವಿಮಾನದ ಲೆಕ್ಕ ತೋರಿಸುತ್ತಂತೆ.

ಇನ್ನೊಂದು ಕಾರಣ ಕಾರಿನ ಅಡಿಯಲ್ಲಿ ಸಿಕ್ಕಿತು. ಸರ್ವಿಸ್ ಮಾಡಿದ ಪುಣ್ಯಾತ್ಮರು ಕೇಬಲ್ಲನ್ನು ಮೊಣಕೈಯಂತೆ ಮಡಚಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದಿದ್ದರು! ಮುರಿದದ್ದು ಸರಿಯಾಗಿ ಅಲ್ಲೇ. ಮೇಲಿನವರೆಗೂ ಗ್ರೀಸ್ ಬೇರೆ ಮೆತ್ತಿದ್ದರು. ಗ್ರೀಸ್ ಕೆಳಗಿನ ಮುಕ್ಕಾಲು ಭಾಗಕ್ಕೆ ತೆಳ್ಳಗೆ ಸಾಕು. ಇಲ್ಲದಿದ್ದರೆ ತಂತಿ ತಿರುಗುತ್ತ ತಿರುಗುತ್ತ ಅದನ್ನು ಮೀಟರ್ ಒಳಗೇ ಏರಿಸುತ್ತೆ.

ಜೀಪಿನ ಕೇಬಲ್ ತಂತಿಯನ್ನು ಅಳತೆಗೆ ಕತ್ತರಿಸಿ, ಚೌಕ ತುದಿ ಒತ್ತಿ ಕೂರಿಸಿದರು. ನಾಳೆ ಕೊಡ್ತೀನಿ ಅಂದವರು ನಾಲ್ಕು ದಿನ ಮಾಡಿದರು, ಅದಕ್ಕೆ ಒಂದು ಸ್ಟಾರ್ ಕಡಿಮೆ. ನಡುವೆ ಒಂದು ದಿನ ಕಾರಿನ ಸೀಟಿನ ಮೇಲೆ ಜೀನ್ಸ್ ಪ್ಯಾಂಟಿನ ಗಂಟು ಕೂತಿತ್ತು. ಅದಕ್ಕೆ ಕಾಲು ಸ್ಟಾರ್.

ಕೊಡುವ ಮೊದಲು ಮಾಡಿದ ಪರೀಕ್ಷೆ ಮಾತ್ರ ನಾನು ಮರೆಯಲ್ಲ. ಈ ಮೀಟರ್‌ನ ಡಯಲ್ ಮೇಲೆ ಸಣ್ಣಕ್ಕೆ 1280 ಅಂತ ಬರೆದಿದೆ. ಇಷ್ಟು ವರ್ಷ ಅದು ಮಾಡೆಲ್ ನಂಬರ್ ಅಂದುಕೊಂಡಿದ್ದೆ. ಒಂದು ಮೈಲಿ ಹೋಗಲು ಕೇಬಲ್ ಎಷ್ಟು ಸುತ್ತು ಸುತ್ತಬೇಕು ಅನ್ನುವ ಲೆಕ್ಕವಂತೆ ಅದು. ಮೈಲಿಯ ನೂರರಲ್ಲಿ ಒಂದು ಪಾಲು ಅಂದರೆ 52 ಅಡಿ ಒಂಬತ್ತೂವರೆ ಇಂಚು. ರಸ್ತೆ ಮೇಲೆ ಟೇಪ್ ಹಿಡಿದು ಸೀಮೆಸುಣ್ಣದ ಗೆರೆ ಎಳೆದರು. ಕೇಬಲ್ ತುದಿಗೆ ಕಾಗದದ ಬಾವುಟ ಸಿಕ್ಕಿಸಿದರು. ಶೆಡ್‌ನ ಇಬ್ಬರು ಹುಡುಗರು ಕಾರು ತಳ್ಳಿದರು, ನಾನು ಎಣಿಸಿದೆ. ಹನ್ನೆರಡು ಸುತ್ತು ಮುಗಿದು ಹದಿಮೂರಕ್ಕೆ ಚೂರು ಬಾಕಿ. "ಹನ್ನೆರಡು ಪಾಯಿಂಟ್ ಎಂಟು, ಬರೋಬ್ಬರಿ" ಅಂದರು ಚಾಚಾ.

ಎಲ್ಲ ಸೇರಿ 850 ರೂಪಾಯಿ. ಹೊಸಪೇಟೆ ರಸ್ತೆಯಲ್ಲಿ ಕಿಲೋಮೀಟರ್ ಕಲ್ಲು ನೋಡಿಕೊಂಡು ನಾನೂ ಪರೀಕ್ಷೆ ಮಾಡಿದೆ. ಗಂಟೆಗೆ 50 ಮೈಲಿ ಅಂದರೆ ಒಂದು ಕಿಲೋಮೀಟರಿಗೆ 45 ಸೆಕೆಂಡ್. ಮುಳ್ಳು 50ರಲ್ಲಿ ಹಿಡಿದೆ, ಗಡಿಯಾರ 46 ತೋರಿಸಿತು. ಮುಳ್ಳು ಅಲ್ಲಾಡಲಿಲ್ಲ.

ಹೋಗುವವರು ಮೀಟರ್ ಬಿಚ್ಚಿಕೊಂಡು ಚೀಲದಲ್ಲಿ ಒಯ್ಯಬೇಡಿ, ಗಾಡಿಯನ್ನೇ ಒಯ್ಯಿರಿ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತೆ. ಟ್ರಿಪ್ ಅಂಕಿ ಸೊನ್ನೆ ಮಾಡುವ ಗುಂಡಿ ನಮ್ಮ ಕಾರಿನಲ್ಲಿ ಈಗಲೂ ಕೆಲಸ ಮಾಡಲ್ಲ. ಕೇಳಿದ್ದಕ್ಕೆ, "ಅದಕ್ಕೆ ಮೀಟರ್ ಬಿಚ್ಚಬೇಕಮ್ಮಾ. ಚೆನ್ನಾಗಿ ಓಡ್ತಿದೆ, ನೀವು ಪೆನ್ನಲ್ಲಿ ಬರ್ಕೊಳ್ಳಿ" ಅಂದರು. ಬರೆದುಕೊಳ್ಳುತ್ತಿದ್ದೇನೆ.