ಆಲೆಂಬಿಕ್ ಎಫ್-2ಬಿ ಟ್ಯೂಬ್ ಪ್ರಿಆಂಪ್: ಎರಡು ವರ್ಷ ಬಳಸಿದ ಮೇಲೆ

ಭಾವಗೀತೆಯ ಕಾರ್ಯಕ್ರಮಗಳಲ್ಲಿ ಬೇಸ್ ಗಿಟಾರ್ ನುಡಿಸುವವನಿಗೆ ಮೊದಲು ಎದುರಾಗುವುದು ತಬಲಾದ ಡಗ್ಗಾ, ಎಂದರೆ ಜೋಡಿಯಲ್ಲಿನ ದೊಡ್ಡ, ಮಂದ್ರದ ವಾದ್ಯ. ಎರಡರ ನೆಲೆಯೂ ಮಂದ್ರದಲ್ಲೇ ಇರುವುದರಿಂದ ಸಭಾಂಗಣದ ಸ್ಪೀಕರಿನಲ್ಲಿ ಎರಡೂ ಬೆರೆತು ಗುಂಯ್ ಎಂಬ ಒಂದೇ ಮೊರೆತವಾಗಿಬಿಡುತ್ತವೆ, ಆಗ ಸೌಂಡ್ ನೋಡಿಕೊಳ್ಳುವವರು ತಗ್ಗಿಸುವುದು ಬಹುಪಾಲು ಬೇಸನ್ನೇ. ವಾಲ್ಯೂಮ್ ಏರಿಸದೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುವಂತೆ ಮಾಡುವುದು ಹೇಗೆಂದು ಬಹಳ ಕಾಲ ಹುಡುಕಾಡಿದ ನನಗೆ ಉತ್ತರವಾಗಿ ಒದಗಿದ್ದು ಆಲೆಂಬಿಕ್ ಕಂಪನಿಯ ಎಫ್-2ಬಿ ಟ್ಯೂಬ್ ಪ್ರಿಆಂಪ್. ವಾದ್ಯದಿಂದ ಬರುವ ಸಣ್ಣ ಸಿಗ್ನಲನ್ನು ಮುಂದಿನ ಆಂಪ್ಲಿಫೈಯರಿಗೆ ಸಿದ್ಧಗೊಳಿಸಿ, ದನಿಯನ್ನು ತಿದ್ದುವ ಉಪಕರಣ ಪ್ರಿಆಂಪ್; ಆ ಕೆಲಸಕ್ಕೆ ಇದು ಗಾಜಿನ ನಿರ್ವಾತ ನಳಿಕೆಗಳನ್ನು (ಟ್ಯೂಬ್) ಬಳಸುತ್ತದೆ.

ಆಲೆಂಬಿಕ್ 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ರೇಟ್‌ಫುಲ್ ಡೆಡ್ ವಾದ್ಯತಂಡದ ಒಡನಾಟದಲ್ಲಿ ಹುಟ್ಟಿದ ಸಂಸ್ಥೆ. ಫೆಂಡರ್ ಕಂಪನಿಯ ಡ್ಯುಯಲ್ ಶೋಮನ್ ಆಂಪ್ಲಿಫೈಯರಿನ ಪ್ರಿಆಂಪ್ ಭಾಗವನ್ನು ಆಧಾರವಾಗಿಟ್ಟುಕೊಂಡು, ಅದನ್ನು ಉಪಕರಣ ಜೋಡಿಸುವ ಚೌಕಟ್ಟಾದ ರ್ಯಾಕಿನ ಒಂದೇ ಅರೆಯಲ್ಲಿ ಕೂರುವಷ್ಟು ಚಪ್ಪಟೆ ಪೆಟ್ಟಿಗೆಗೆ ಇಳಿಸಿದ್ದು ಎಫ್-2ಬಿ. ಇದರಲ್ಲಿ ಎರಡು ಚಾನೆಲ್‌ಗಳಿವೆ. ಪ್ರತಿ ಚಾನೆಲಿಗೂ ವಾಲ್ಯೂಮ್, ಬೇಸ್ (ಕೆಳಗಿನ ಸ್ವರಗಳಿಗೆ), ಮಿಡಲ್ (ನಡುವಿನವಕ್ಕೆ), ಟ್ರೆಬಲ್ (ಮೇಲಿನವಕ್ಕೆ) ನಾಬುಗಳು ಮತ್ತು ದನಿಯ ಹೊಳಪು ಹೆಚ್ಚಿಸುವ ಒಂದು ಬ್ರೈಟ್ ಸ್ವಿಚ್ ಇವೆ. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ಇದನ್ನು ತಮ್ಮ ಗಿಟಾರಿಗೆ ಬಳಸಿದ್ದರಿಂದ ಗಿಟಾರ್ ವಾದಕರಿಗೂ ಇದರ ಹೆಸರು ಚೆನ್ನಾಗಿ ಗೊತ್ತು.

ಟ್ಯೂಬ್ ಎಂದರೆ ಒಡೆದ ದನಿ ಎಂದುಕೊಂಡು ಇದನ್ನು ಕೊಳ್ಳುವವರಿಗೆ ನಿರಾಸೆಯಾಗುತ್ತದೆ. ಇದರ ಕೆಲಸ ಬಹಳ ಸೂಕ್ಷ್ಮವಾದದ್ದು. ನಾಲ್ಕು ತಂತಿಯ ಬೇಸಿನಲ್ಲಿ ಅತಿ ಕೆಳಗಿನ ಸ್ವರದ ಇ ತಂತಿಯನ್ನು ಬೆರಳಿನಿಂದ ಒತ್ತದೆ ಮೀಟಿದಾಗ ಅದರ ಮೂಲ ಆವರ್ತನ ಸುಮಾರು 41 ಹರ್ಟ್ಸ್. ಸಣ್ಣ ಸ್ಪೀಕರುಗಳು ಆ ಆಳವನ್ನು ಹೊಮ್ಮಿಸಲಾರವು. ಆದರೂ ನಮ್ಮ ಕಿವಿ ಮೂಲದ ಎರಡು, ಮೂರು, ನಾಲ್ಕು ಪಟ್ಟಿನ, ಎಂದರೆ 82, 123, 164 ಹರ್ಟ್ಸ್‌ಗಳ ಉಪಸ್ವರಗಳನ್ನು ಹಿಡಿದು, ಇಲ್ಲದ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಟ್ಯೂಬ್ ತನ್ನ ಮೂಲಕ ಹಾಯುವ ಸ್ವರಕ್ಕೆ ಸೇರಿಸುವುದು ಇಂಥ ಉಪಸ್ವರಗಳನ್ನೇ, ಅದರಲ್ಲೂ ಮುಖ್ಯವಾಗಿ ಒಂದು ಸ್ಥಾಯಿ ಮೇಲಿನದನ್ನು. ತಂಬೂರಿಯ ಕುದುರೆಯ ಮೇಲೆ ಜೀವಾಳದ ದಾರವನ್ನು ಸರಿಯಾದ ಜಾಗಕ್ಕೆ ಸರಿಸಿದಾಗ ತಂತಿಯ ನಾದ ತುಂಬಿಕೊಂಡು ಬರುವುದನ್ನು ಕೇಳಿದವರಿಗೆ ಉಪಸ್ವರಗಳ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರಣ ಬೇರೆ, ಆದರೆ ಕಿವಿಗೆ ಸಿಗುವ ತೃಪ್ತಿ ಅದೇ ಜಾತಿಯದು.

ಇದರ ನಾಬುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೊದಲ ವಾರ ನಾನೂ ತಪ್ಪಾಗಿಯೇ ತಿರುಗಿಸಿದೆ. ಬೇಸ್, ಮಿಡಲ್, ಟ್ರೆಬಲ್ ಮೂರನ್ನೂ ನಡುವಿನ ಅಂಕೆ 5ರಲ್ಲಿ ನಿಲ್ಲಿಸಿದರೆ ಏರಿಳಿತವಿಲ್ಲದ ಸಹಜ ದನಿ ಬರುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಫೆಂಡರ್ ಮಾದರಿಯ ಈ ಟೋನ್ ಸರ್ಕ್ಯೂಟ್ ಯಾವುದನ್ನೂ ಹೆಚ್ಚಿಸುವುದಿಲ್ಲ, ಬೇರೆ ಬೇರೆ ಪ್ರಮಾಣದಲ್ಲಿ ಕಡಿಮೆ ಮಾಡುತ್ತದೆ, ಅಷ್ಟೆ. ಬೇಸ್ ಮತ್ತು ಟ್ರೆಬಲ್ ಏರಿಸಿದಷ್ಟೂ ನಡುವಿನ ಕೆಲವು ನೂರು ಹರ್ಟ್ಸ್‌ಗಳ ಭಾಗ ಹಳ್ಳಬೀಳುತ್ತದೆ, ಬೇಸ್ ಗಿಟಾರಿನ ಮಾತು ಸ್ಪಷ್ಟವಾಗುವುದು ಆ ಭಾಗದಲ್ಲೇ. ಬೇಸ್ 2, ಮಿಡಲ್ 10, ಟ್ರೆಬಲ್ 2 ಎಂಬ ಜೋಡಣೆ ಇದನ್ನು ಬಳಸುವವರಿಗೆಲ್ಲ ಬಾಯಿಪಾಠ; ಸಮತಟ್ಟಾದ ದನಿಗೆ ಅತಿ ಹತ್ತಿರವಾದದ್ದು ಅದೇ. ನಾನು ಅಲ್ಲಿಂದ ಹೊರಟು ಬೇಸನ್ನು 3ಕ್ಕೆ ಏರಿಸಿ, ಟ್ರೆಬಲನ್ನು ಸಭಾಂಗಣಕ್ಕೆ ತಕ್ಕಂತೆ 2ರಿಂದ 4ರೊಳಗೆ ಇಡುತ್ತೇನೆ. ಈ ಜೋಡಣೆಯಲ್ಲಿ ಡಗ್ಗಾದ ಘುಮಕಿ ತನ್ನ ಜಾಗದಲ್ಲಿರುತ್ತದೆ, ಬೇಸಿನ ಸ್ವರ ಅದರ ಮೇಲೆ ಕುಳಿತುಕೊಳ್ಳುತ್ತದೆ. ಬೆರಳನ್ನು ಮೃದುವಾಗಿಟ್ಟಾಗ ದನಿ ದುಂಡಗೆ ಬರುತ್ತದೆ, ಒತ್ತಿ ಮೀಟಿದಾಗ ಅಂಚು ತುಸು ಗಡುಸಾಗುತ್ತದೆ. ವಾಲ್ಯೂಮ್ ನಾಬನ್ನು ಮುಟ್ಟದೆ ಬೆರಳಿನಿಂದಲೇ ಪಲ್ಲವಿಗೂ ಚರಣಕ್ಕೂ ವ್ಯತ್ಯಾಸ ತರಲು ಸಾಧ್ಯವಾದದ್ದು ನನಗೆ ಈ ಉಪಕರಣದಿಂದಲೇ.

ಇದಕ್ಕೆ ಮೊದಲು ನನ್ನ ಬಳಿ ಅಗ್ಗದ ಟ್ಯೂಬ್ ಪೆಡಲ್ ಒಂದಿತ್ತು. ಅದರ ಗಾಜಿನ ಕಿಂಡಿಯೊಳಗೆ ಟ್ಯೂಬ್ ಕೆಂಪಗೆ ಹೊಳೆಯುತ್ತಿತ್ತು, ಆದರೆ ಆ ಟ್ಯೂಬಿಗೆ ದೊರೆಯುತ್ತಿದ್ದುದು ಅಡಾಪ್ಟರಿನ ಹನ್ನೆರಡು ವೋಲ್ಟ್ ಮಾತ್ರ. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಸ್ವರ ಬೇಗ ಮೊಂಡಾಗುತ್ತದೆ. ಎಫ್-2ಬಿಯಲ್ಲಿರುವ 12ಎಎಕ್ಸ್7 ಟ್ಯೂಬುಗಳಿಗೆ ನೂರಾರು ವೋಲ್ಟ್ ಸಿಗುವುದರಿಂದ ಜೋರಾದ ಮೀಟಿಗೂ ಅವಕಾಶ ಉಳಿದಿರುತ್ತದೆ. ಅದೇ ಕಾರಣಕ್ಕೆ, ಸ್ವಿಚ್ ಆರಿಸಿದ ಮೇಲೂ ಒಳಗಿನ, ವಿದ್ಯುತ್ ಕೂಡಿಡುವ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ತಿಳಿವಳಿಕೆ ಇಲ್ಲದವರು ಮುಚ್ಚಳ ತೆಗೆಯಲೇಬಾರದು.

ನನ್ನದು ಅಮೆರಿಕದ 120 ವೋಲ್ಟಿನ ಪೆಟ್ಟಿಗೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಚಿಕ್ಕಪ್ಪನ ಮಗ ಬಳಸಿದ ಒಂದನ್ನು ಕೊಂಡು, ಬೆಂಗಳೂರಿಗೆ ಬರುವಾಗ ಬಟ್ಟೆಗಳ ನಡುವೆ ಸುತ್ತಿ ತಂದುಕೊಟ್ಟ. ಇಲ್ಲಿನ 230 ವೋಲ್ಟಿಗೆ, ವೋಲ್ಟೇಜ್ ತಗ್ಗಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಮೊದಲ ಕಾರ್ಯಕ್ರಮದಲ್ಲಿ ಅದನ್ನು ಪ್ರಿಆಂಪಿನ ಪಕ್ಕದಲ್ಲೇ ಇಟ್ಟು, ಗಾಯಕಿ ಆಲಾಪ ತೆಗೆಯುವಾಗಲೆಲ್ಲ ಕೇಳುವಂಥ ಗುಂಯ್‌ಗುಡುವಿಕೆಯನ್ನು ನಾನೇ ತಂದುಕೊಂಡೆ. ಟ್ರಾನ್ಸ್‌ಫಾರ್ಮರನ್ನು ನಾಲ್ಕು ಅಡಿ ದೂರ ಸರಿಸಿದಾಗ ಅರ್ಧ ಕಡಿಮೆಯಾಯಿತು. ಉಳಿದರ್ಧಕ್ಕೆ ಕಾರಣ ಆ ಹಳೆಯ ಸಭಾಂಗಣದ ಪ್ಲಗ್ಗಿನಲ್ಲಿ ಅರ್ಥಿಂಗ್ ಇಲ್ಲದಿದ್ದುದು. ಈಗ ಎಲ್ಲಿಗೆ ಹೋದರೂ ಮೊದಲು ಪ್ಲಗ್ ಪರೀಕ್ಷಿಸಿ, ಆಮೇಲೆ ಬೇಸಿನ ಚೀಲ ಬಿಚ್ಚುತ್ತೇನೆ.

ಟ್ಯೂಬುಗಳಿಗಾಗಿ ಪರದಾಡಬೇಕಿಲ್ಲ. ಯುರೋಪಿನಲ್ಲಿ ಇಸಿಸಿ83 ಎಂದು ಕರೆಯುವ ಇದೇ ಟ್ಯೂಬನ್ನು ಸ್ಲೊವಾಕಿಯಾ, ರಷ್ಯಾ ಮತ್ತು ಚೀನಾದಲ್ಲಿ ಇಂದಿಗೂ ತಯಾರಿಸುತ್ತಾರೆ. ಹೊಸದನ್ನು ಹಾಕಿದಾಗ ಪೆಟ್ಟಿಗೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡುವುದು ಒಳ್ಳೆಯದು. ಸ್ಪೀಕರಿನಲ್ಲಿ ಟಿಣ್ ಎಂದು ಗಂಟೆಯ ದನಿ ಬಂದರೆ ಆ ಟ್ಯೂಬ್ ವೇದಿಕೆಗೆ ಆಗದು.

ನನ್ನ ದೊಡ್ಡ ಆಕ್ಷೇಪ ಎಂದರೆ ಮಿಕ್ಸರಿಗೆ ನೇರವಾಗಿ ಕೊಡುವ, ಉದ್ದ ಕೇಬಲಿನಲ್ಲೂ ಗದ್ದಲ ಸೇರದಂತೆ ಕಾಯುವ ಬ್ಯಾಲೆನ್ಸ್ಡ್ ಔಟ್‌ಪುಟ್ ಇದರಲ್ಲಿಲ್ಲದಿರುವುದು. ಹಾಗಾಗಿ ಗಿಡ್ಡ ಕೇಬಲಿನಿಂದ, ಸಿಗ್ನಲನ್ನು ಆ ರೂಪಕ್ಕೆ ಬದಲಿಸುವ ಪ್ರತ್ಯೇಕ ಡಿಐ ಬಾಕ್ಸಿಗೆ ಜೋಡಿಸಿ, ಅಲ್ಲಿಂದ ಮಿಕ್ಸರಿಗೆ ಕಳಿಸುತ್ತೇನೆ. ನನ್ನದೇ ಸ್ಪೀಕರಿನಲ್ಲಿ ಕೇಳಬೇಕೆಂದರೆ ಸ್ಪೀಕರನ್ನು ನಡೆಸುವ ಪವರ್ ಆಂಪ್ ಕೂಡ ಬೇಕು. ಇವೆರಡೂ ಇಲ್ಲದವರಿಗೆ ಒಟ್ಟು ಖರ್ಚು ಬಹಳವಾಗುತ್ತದೆ, ಅವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ. ಒಂದೇ ಚಾನೆಲ್ ಸಾಕು ಎನ್ನುವವರು ಆಲೆಂಬಿಕ್‌ನದೇ ಎಫ್-1ಎಕ್ಸ್ ನೋಡಬಹುದು. ಅದರಲ್ಲಿ ಡಿಐ ಒಳಗೇ ಇದೆ. ನಾನು ಮಾತ್ರ ಎರಡನೆಯ ಚಾನೆಲನ್ನು ಬಿಟ್ಟುಕೊಡಲಾರೆ, ಏಕೆಂದರೆ ಅದರಲ್ಲಿ ಟ್ರೆಬಲನ್ನು ಪೂರ್ತಿ ಇಳಿಸಿ, ನಿಧಾನಗತಿಯ ಗೀತೆಗಳಿಗೆಂದೇ ಫ್ರೆಟ್‌ಲೆಸ್ (ಮೆಟ್ಟಿಲುಗಳಿಲ್ಲದ) ಬೇಸನ್ನು ಸದಾ ಜೋಡಿಸಿಟ್ಟಿರುತ್ತೇನೆ.