ಎಐ ಏಜೆಂಟ್ ಕೈಗೆ ಝ್ಯಾಪ್ ಬೇಸ್‌ಲೈನ್: ಉಪಕರಣ ಗಟ್ಟಿ, ಕೈಪಿಡಿ ಮಾತ್ರ ನಾವೇ ಬರೆಯಬೇಕು

ಹಾಸನದಲ್ಲಿ ಕೂತು ಚಿಕ್ಕಮಗಳೂರು, ಸಕಲೇಶಪುರದ ಹೋಂಸ್ಟೇ ಬುಕಿಂಗ್ ಸೈಟುಗಳನ್ನು ನೋಡಿಕೊಳ್ಳುವ ಸಣ್ಣ ತಂಡಗಳಿಗೆ ಭದ್ರತಾ ಪರೀಕ್ಷೆಗೆಂದೇ ಒಬ್ಬರನ್ನು ಇಟ್ಟುಕೊಳ್ಳುವುದು ಆಗದ ಮಾತು. ಆ ಕೆಲಸ ಕೋಡಿಂಗ್ ಏಜೆಂಟ್‌ಗೆ, ಅಂದರೆ ಕೋಡ್ ಬರೆದು ಕಮಾಂಡ್ ಓಡಿಸುವ ಎಐಗೆ ಹೋಗುತ್ತದೆ. ಝ್ಯಾಪ್ ಎಂದರೆ ವೆಬ್‌ಸೈಟಿನ ಭದ್ರತಾ ದೋಷ ಹುಡುಕುವ ಉಪಕರಣ; ಸೈಟಿನ ಮೇಲೆ ದಾಳಿ ಮಾಡದೆ ಪುಟಗಳನ್ನು ನೋಡಿ ವರದಿ ಕೊಡುವುದು ಅದರ ಬೇಸ್‌ಲೈನ್ ಸ್ಕ್ಯಾನ್. ಈ ಕೆಲಸಕ್ಕೆ ಅದನ್ನು ಬಹಳ ದಿನ ಬಳಸಿದ ಮೇಲೆ ನಮ್ಮ ಅಂಕ ಹೀಗೆ: ಉಪಕರಣಕ್ಕೆ ಐದಕ್ಕೆ ನಾಲ್ಕೂವರೆ, ಏಜೆಂಟ್ ಓದಿ ಬಳಸುವಂತಿದೆಯೇ ಎಂದರೆ ಐದಕ್ಕೆ ಎರಡು. ಉಳಿದದ್ದನ್ನು ಕೋಡ್ ಇಡುವ ರೆಪೊಸಿಟರಿಯಲ್ಲಿ, ಏಜೆಂಟ್ ಓದುವ ಸೂಚನೆಗಳ ಏಜೆಂಟ್ಸ್ ಡಾಟ್ ಎಂಡಿ (AGENTS.md) ಕಡತದಲ್ಲಿ ನಾವೇ ತುಂಬಬೇಕು.

ಮೊದಲ ಸಾಲು ಡಾಕರ್ ಇಮೇಜ್, ಅಂದರೆ ಉಪಕರಣವನ್ನು ಕಟ್ಟಿಟ್ಟ ಪೊಟ್ಟಣದ ಹೆಸರಿನದ್ದೇ ಇರಲಿ. 2010ರಲ್ಲಿ ಸೈಮನ್ ಬೆನೆಟ್ಸ್ ಹೊರತಂದ ಝ್ಯಾಪ್ 2023ರವರೆಗೆ ವೆಬ್ ಭದ್ರತೆಯ ಸಂಸ್ಥೆ ಓವಾಸ್ಪ್‌ನ ಯೋಜನೆಯಾಗಿತ್ತು. 2024ರಿಂದ ಭದ್ರತಾ ಕಂಪನಿ ಚೆಕ್‌ಮಾರ್ಕ್ಸ್ ಜೊತೆಗಿದೆ, ಈಗಲೂ ಉಚಿತ. ಆದರೆ ಹಳೆಯ ಪಾಠಗಳಲ್ಲೆಲ್ಲ ಓವಾಸ್ಪ್ ಹೆಸರಿನ ಡಾಕರ್ ಇಮೇಜೇ ಇರುವುದರಿಂದ ಏಜೆಂಟ್ ಕಣ್ಣುಮುಚ್ಚಿ ಅದನ್ನೇ ಎಳೆಯುತ್ತದೆ. ಆ ಇಮೇಜ್‌ಗೆ ಈಗ ಅಪ್‌ಡೇಟ್ ಇಲ್ಲ, ನಿಯಮಗಳೂ ಹಳೆಯವು. ಝ್ಯಾಪ್ರಾಕ್ಸಿ (zaproxy) ಹೆಸರಿನ ಸ್ಟೇಬಲ್ ಇಮೇಜನ್ನೇ ಬಳಸಬೇಕು ಎಂದು ಪೂರ್ತಿ ವಿಳಾಸ ಕೊಟ್ಟು ಬರೆಯಿರಿ.

ಹೆಚ್ಚು ಕಾಟ ಕೊಡುವುದು ಎಕ್ಸಿಟ್ ಕೋಡ್, ಅಂದರೆ ಕಮಾಂಡ್ ಮುಗಿದಾಗ ಫಲಿತಾಂಶ ಹೇಳುವ ಅಂಕಿ. ಬೇಸ್‌ಲೈನ್‌ನಲ್ಲಿ 0 ಎಂದರೆ ಎಲ್ಲ ಸರಿ. 1 ಎಂದರೆ ಒಂದಾದರೂ ಫೇಲ್. 2 ಎಂದರೆ ಫೇಲ್ ಇಲ್ಲ, ಎಚ್ಚರಿಕೆ ಇದೆ. 3 ಎಂದರೆ ಬೇರೇನೋ ಕೆಟ್ಟಿದೆ. ಏಜೆಂಟ್‌ಗಳ ಲೆಕ್ಕದಲ್ಲಿ ಸೊನ್ನೆ ಅಲ್ಲದ್ದೆಲ್ಲ ವೈಫಲ್ಯ. 2 ಕಂಡ ಕೂಡಲೇ ‘ಕಮಾಂಡ್ ಕೆಟ್ಟಿತು’ ಎಂದುಕೊಂಡು ಮತ್ತೆ ಓಡಿಸುತ್ತದೆ, ಆಯ್ಕೆಗಳನ್ನು ಬದಲಿಸುತ್ತದೆ, ಕೊನೆಗೆ ದೊಡ್ಡಕ್ಷರದ ಐ ಆಯ್ಕೆ (-I) ಹಾಕಿ ಸೊನ್ನೆ ತರಿಸಿಕೊಳ್ಳುತ್ತದೆ. ಆ ಆಯ್ಕೆಯ ಕೆಲಸ ಎಚ್ಚರಿಕೆಗಳಿದ್ದರೂ ವೈಫಲ್ಯ ಎನ್ನದಿರುವುದು. ಆಮೇಲೆ ವರದಿಯಲ್ಲಿ ‘ಯಾವ ತೊಂದರೆಯೂ ಇಲ್ಲ’ ಎಂಬ ಸಾಲು. ಈ ನಾಲ್ಕು ಕೋಡ್‌ಗಳಿಗೂ ‘ಮುಂದೇನು ಮಾಡಬೇಕು’ ಎಂದು ಬರೆದಿಡಿ: 1 ಮತ್ತು 2 ಬಂದರೆ ವರದಿ ಓದು, ಮತ್ತೆ ಓಡಿಸಬೇಡ, 3 ಬಂದರೆ ಲಾಗ್ ತೋರಿಸಿ ನಿಲ್ಲು. ದೊಡ್ಡ ಐ ಅನ್ನು ನಿಷೇಧಿಸಿಬಿಡಿ.

ಅಕ್ಷರದ ಗಾತ್ರದ ಇನ್ನೊಂದು ಬಲೆ ಇದಕ್ಕಿಂತ ಅಪಾಯದ್ದು. ದೊಡ್ಡ ಜೆ (-J) ಕೊಟ್ಟರೆ ಜೇಸನ್ ವರದಿ, ಅಂದರೆ ಸ್ಕ್ರಿಪ್ಟ್‌ಗಳು ಓದಬಲ್ಲ ರೂಪದ ವರದಿ ಬರುತ್ತದೆ. ಸಣ್ಣ ಜೆ (-j) ಕೊಟ್ಟರೆ ಸೈಟಿನ ಪುಟಗಳನ್ನು ಹುಡುಕಿಕೊಂಡು ಓಡಾಡುವ ಅಜಾಕ್ಸ್ ಸ್ಪೈಡರ್ ಏಳುತ್ತದೆ. ಬೇಸ್‌ಲೈನ್ ದಾಳಿ ಮಾಡುವುದಿಲ್ಲ ನಿಜ. ಆದರೆ ಅಜಾಕ್ಸ್ ಸ್ಪೈಡರ್ ನಿಜವಾದ ಬ್ರೌಸರ್ ತೆರೆದು ಬಟನ್ ಒತ್ತುತ್ತದೆ, ಫಾರಂಗೆ ಬಾಯಿಗೆ ಬಂದದ್ದು ತುಂಬುತ್ತದೆ. ಹೋಂಸ್ಟೇ ಸೈಟಿನಲ್ಲಿ ಅದರ ಅರ್ಥ ಶನಿವಾರದ ರೂಮುಗಳಿಗೆ ಬೊಗಳೆ ಬುಕಿಂಗ್. ಅಜಾಕ್ಸ್ ಬೇಕೇಬೇಕಾದರೆ ಸ್ಟೇಜಿಂಗ್ ಸರ್ವರ್‌ನಲ್ಲಿ (ಪರೀಕ್ಷೆಗೆಂದು ಇಟ್ಟ ಸೈಟಿನ ಪ್ರತಿಯಲ್ಲಿ), ಎಸ್‌ಎಂಎಸ್ ಮತ್ತು ಪೇಮೆಂಟ್ ಕೀಲಿಗಳನ್ನು ಕಿತ್ತ ಮೇಲೆ.

ಇಮೇಜ್ ಓಡುವುದು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ. ಅದರ ಒಳಗಿಂದ ಲೋಕಲ್‌ಹೋಸ್ಟ್ (‘ಇದೇ ಯಂತ್ರ’) ಎಂದರೆ ಆ ಕಂಟೇನರೇ, ನಿಮ್ಮ ಲ್ಯಾಪ್‌ಟಾಪ್ ಅಲ್ಲ. ಲಿನಕ್ಸ್‌ನಲ್ಲಿ ಹೋಸ್ಟ್ ನೆಟ್‌ವರ್ಕ್ ಕೊಡಿ. ವರದಿ ಬೀಳುವ ಫೋಲ್ಡರನ್ನು ಕಂಟೇನರ್‌ನ ಝ್ಯಾಪ್ ವರ್ಕ್ ಜಾಗಕ್ಕೆ (/zap/wrk) ಮೌಂಟ್ ಮಾಡಿ, ಯೂಸರ್ ಐಡಿ 1000ಕ್ಕೆ ಬರೆಯುವ ಅನುಮತಿ ಇರಲಿ. ಅನುಮತಿ ಇಲ್ಲದಿದ್ದರೆ ಸ್ಕ್ಯಾನ್ ಪೂರ್ತಿ ಆಗಿ ವರದಿ ಬರೆಯುವಾಗ ಎಡವುತ್ತದೆ, ಕಾದದ್ದೆಲ್ಲ ದಂಡ.

ಯಾವ ದೋಷಕ್ಕೆ ಫೇಲ್, ಯಾವುದಕ್ಕೆ ಎಚ್ಚರಿಕೆ, ಯಾವುದನ್ನು ಇಗ್ನೋರ್ ಮಾಡಬೇಕು ಎಂದು ಹೇಳುವ ನಿಯಮಗಳ ಕಡತದಲ್ಲಿ ಪ್ರತಿ ಸಾಲೂ ಮೂರು ಭಾಗ: ನಿಯಮದ ಸಂಖ್ಯೆ, ಕ್ರಮ, ವಿವರಣೆ. ನಡುವೆ ಟ್ಯಾಬ್ ಇರಬೇಕು. ಏಜೆಂಟ್ ತಿದ್ದಿದಾಗ ಟ್ಯಾಬ್ ಜಾಗಕ್ಕೆ ಸ್ಪೇಸ್ ಬಂದು ಕೂರುತ್ತದೆ. ಕಣ್ಣಿಗೆ ಎರಡೂ ಒಂದೇ, ಉಪಕರಣಕ್ಕಲ್ಲ. ಇನ್ನೊಂದು ಷರತ್ತು: ಯಾವ ನಿಯಮವನ್ನೂ ಇಗ್ನೋರ್ ಮಾಡುವ ಅಧಿಕಾರ ಏಜೆಂಟ್‌ಗೆ ಬೇಡ. 10038 ಅಂದರೆ ಸಿಎಸ್‌ಪಿ ಹೆಡರ್ (ಪುಟ ಎಲ್ಲಿಂದ ಸ್ಕ್ರಿಪ್ಟ್ ತರಬಹುದು ಎಂಬ ಕಟ್ಟುಪಾಡು) ಇಲ್ಲ, 10202 ಅಂದರೆ ಸಿಎಸ್‌ಆರ್‌ಎಫ್ ತಡೆಯುವ ಟೋಕನ್ (ಬೇರೆ ಸೈಟು ಬಳಕೆದಾರರ ಹೆಸರಲ್ಲಿ ಫಾರಂ ಕಳಿಸದಂತೆ ಕಾಯುವ ಗುರುತು) ಇಲ್ಲ. ಇಂಥವನ್ನು ಸರಿಪಡಿಸುವುದಕ್ಕಿಂತ ಬಾಯಿ ಮುಚ್ಚಿಸುವುದು ಸುಲಭ ಎಂಬುದು ಅದಕ್ಕೆ ಬೇಗ ಹೊಳೆಯುತ್ತದೆ.

ಜೇಸನ್ ವರದಿಯಲ್ಲಿ ಅಪಾಯದ ಮಟ್ಟ 0ಯಿಂದ 3ರವರೆಗೆ, ಆದರೆ ಅದು ಉದ್ಧರಣ ಚಿಹ್ನೆಯೊಳಗಿನ ಪಠ್ಯ, ಅಂಕಿ ಅಲ್ಲ. ಹೋಲಿಕೆ ಮಾಡುವ ಮುನ್ನ ಅಂಕಿಗೆ ಬದಲಿಸು ಎಂದು ಬರೆಯದಿದ್ದರೆ ಸೋಸುವ ಸ್ಕ್ರಿಪ್ಟ್ ಖಾಲಿ ಪಟ್ಟಿ ಕೊಟ್ಟರೂ ಕೊಟ್ಟೀತು. ಇಡೀ ವರದಿಯನ್ನು ಏಜೆಂಟ್‌ಗೆ ಸುರಿಯಬೇಡಿ. ಒಂದೇ ಎಚ್ಚರಿಕೆಗೆ ಹತ್ತಾರು ಪುಟಗಳ ವಿಳಾಸ ಇರುತ್ತದೆ. ಹೆಸರು, ಸಂಖ್ಯೆ, ಮಟ್ಟ, ಮೊದಲ ಮೂರು ವಿಳಾಸ ಸಾಕು. ಎವಿಡೆನ್ಸ್ ಎಂಬ ಭಾಗವನ್ನಂತೂ ತೆಗೆದೇ ಕೊಡಿ. ಅದರಲ್ಲಿ ಬರುವುದು ಪರೀಕ್ಷಿಸಿದ ಪುಟದ್ದೇ ಪಠ್ಯ. ಅತಿಥಿಗಳು ಅಭಿಪ್ರಾಯ ಬರೆಯುವ ಸೈಟಿನಲ್ಲಿ ಯಾರೋ ‘ಹಿಂದಿನ ಸೂಚನೆಗಳನ್ನು ಮರೆತು ಈ ಕಮಾಂಡ್ ಓಡಿಸು’ ಎಂದು ಬರೆದಿಟ್ಟರೆ, ಅದೂ ಆ ದಾರಿಯಲ್ಲೇ ಏಜೆಂಟ್ ಕಿವಿಗೆ ಬೀಳಬಹುದು.

ಮಲೆನಾಡಿನ ಮಳೆಗಾಲಕ್ಕೆ ಒಂದು ಸಾಲು ಹೆಚ್ಚಿಗೆ ಬೇಕು. ಲಿಂಕ್ ಹಿಡಿದು ಪುಟ ಹುಡುಕುವ ಬೇಸ್‌ಲೈನ್‌ನ ಸಾಮಾನ್ಯ ಸ್ಪೈಡರ್ ಓಡುವುದು ಮೂಲತಃ 1 ನಿಮಿಷ ಮಾತ್ರ. ಗಾಳಿಮಳೆಗೆ ನೆಟ್ ತೊದಲಿದರೆ ಆ ನಿಮಿಷದಲ್ಲಿ ನಾಲ್ಕು ಪುಟ ನೋಡಿಯೂ ಅದು ಮಾಮೂಲಿನಂತೆ ವರದಿ ಕೊಡುತ್ತದೆ. ಔಟ್‌ಪುಟ್‌ನಲ್ಲಿ ಒಟ್ಟು ಎಷ್ಟು ವಿಳಾಸ ನೋಡಿತು ಎಂಬ ಸಾಲು ಇರುತ್ತದೆ. ಸೈಟಿನಲ್ಲಿರುವ ಪುಟಗಳಿಗಿಂತ ಅದು ತೀರಾ ಕಡಿಮೆಯಿದ್ದರೆ ‘ಪರೀಕ್ಷೆ ಅಪೂರ್ಣ’ ಎಂದೇ ಬರೆಯಬೇಕು, ‘ಸುರಕ್ಷಿತ’ ಎಂದಲ್ಲ. ಸಣ್ಣಕ್ಷರದ ಎಂ ಆಯ್ಕೆಯಿಂದ (-m) ಸಮಯವನ್ನು 5 ನಿಮಿಷಕ್ಕೆ ಏರಿಸಬಹುದು.

ಪರೀಕ್ಷಿಸಬಹುದಾದ ಡೊಮೇನ್‌ಗಳ ಪಟ್ಟಿಯನ್ನು ಕಡತದಲ್ಲಿ ಬರೆದರಷ್ಟೇ ಸಾಲದು. ಕಮಾಂಡ್ ಓಡಿಸುವ ಶೆಲ್ ಸ್ಕ್ರಿಪ್ಟ್‌ನಲ್ಲೇ ಆ ಪಟ್ಟಿ ಇಟ್ಟು, ಅದರಲ್ಲಿಲ್ಲದ ವಿಳಾಸವನ್ನು ಸ್ಕ್ರಿಪ್ಟೇ ನಿರಾಕರಿಸಲಿ. ಏಜೆಂಟ್‌ಗೆ ಡಾಕರ್ ನೇರ ಕೈಗೆ ಸಿಗಬಾರದು. ಮಾಲೀಕರ ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರ್ ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಮಿಗೆ ಬರುತ್ತದೆ. ಗಿರಾಕಿಯಿಂದ ಲಿಖಿತ ಒಪ್ಪಿಗೆ ಪಡೆದು, ಆಮೇಲೆ ಪಟ್ಟಿಗೆ ಸೇರಿಸಿ.

ಲಾಗಿನ್ ಹಿಂದಿರುವ ಪುಟಗಳನ್ನು ಬೇಸ್‌ಲೈನ್ ತಾನಾಗಿ ಮುಟ್ಟುವುದಿಲ್ಲ. ಅದಕ್ಕೆ ಝ್ಯಾಪ್‌ನದೇ ಆಟೊಮೇಷನ್ ಫ್ರೇಮ್‌ವರ್ಕ್‌ನ ಯಾಮಲ್ ಯೋಜನೆ (ಸ್ಕ್ಯಾನಿನ ಹಂತಗಳನ್ನು ಬರೆದಿಟ್ಟ ಕಡತ) ಬಳಸಬಹುದು. ತೋಟದ ಲೆಕ್ಕದ ಆ್ಯಪ್‌ನಂತೆ ಪುಟಗಳಿಲ್ಲದೆ ಎಪಿಐ (ಆ್ಯಪ್ ಮತ್ತು ಸರ್ವರ್ ಮಾತಾಡುವ ದಾರಿ) ಮಾತ್ರ ಇರುವಲ್ಲಿ ಝ್ಯಾಪ್‌ನ ಎಪಿಐ ಸ್ಕ್ಯಾನ್ ಇದೆ, ಆದರೆ ಅದು ಬೇಸ್‌ಲೈನ್‌ನಂತೆ ಸಾಧು ಅಲ್ಲ, ನೇರ ದಾಳಿಗೇ ಇಳಿಯುತ್ತದೆ. ದೊಡ್ಡಕ್ಷರದ ಎಸ್ (-S) ಕೊಟ್ಟರೆ ದಾಳಿ ಬಿಟ್ಟು ನೋಡುವುದಷ್ಟೇ ಮಾಡುತ್ತದೆ. ಏಜೆಂಟ್‌ಗೆ ಎಪಿಐ ಸ್ಕ್ಯಾನ್ ಕೊಡುವವರು ಆ ಎಸ್ ಅನ್ನು ಸ್ಕ್ರಿಪ್ಟ್‌ನೊಳಗೇ ಹೊಲಿದುಬಿಡಿ.