ಸ್ಟೇರಿಂಗಿನ ಪ್ರೆಷರ್ ಪೈಪಿಗೆ ಕ್ಲಿಪ್ ಹಾಕಿಸಬೇಡಿ

ಪಿಕಪ್ ಓಡಿಸುವವರು ದಯವಿಟ್ಟು ಓದಿ. ಅದರಲ್ಲೂ ಘಾಟಿಯಲ್ಲಿ ಲೋಡ್ ಹೊಡೆಯುವವರು.

ಹೋದ ತಿಂಗಳು ಗಾಡಿ ನಿಲ್ಲಿಸಿದ ಕಡೆಯೆಲ್ಲ ಕೆಂಪು ಆಯಿಲ್ ಹನಿ ಬೀಳುತ್ತಿತ್ತು. ನೋಡಿದರೆ ಪವರ್ ಸ್ಟೇರಿಂಗ್ ಪಂಪಿನಿಂದ ಹೊರಡುವ ಪೈಪು ಬಿರುಕು ಬಿಟ್ಟಿದೆ. ಕಂಪನಿ ಪೈಪು ಬರಲು ಎರಡು ದಿನ ಬೇಕು ಎಂದರು. ನನಗೆ ಮರುದಿನ ಬೆಳಿಗ್ಗೆಯೇ ಚಿಕ್ಕಮಗಳೂರಿನಿಂದ ಉಜಿರೆಗೆ ತರಕಾರಿ ಲೋಡ್ ಇತ್ತು. "ಅಣ್ಣ, ಹಾಳಾದಷ್ಟು ಕತ್ತರಿಸಿ ರಬ್ಬರ್ ಪೈಪ್ ಸೇರಿಸಿ ಕ್ಲಿಪ್ ಬಿಗಿ ಮಾಡ್ತೀನಿ, ಏನೂ ಆಗಲ್ಲ" ಎಂದ ಮೆಕ್ಯಾನಿಕ್. ಒಪ್ಪಿಬಿಟ್ಟೆ.

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುತ್ತಿದ್ದೆ. ಒಂದು ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ಎಳೆದಾಗ ಬಾನೆಟ್ ಒಳಗೆ ಪಟ್ ಎಂದು ಸದ್ದಾಯಿತು. ಮರುಕ್ಷಣ ಸ್ಟೇರಿಂಗ್ ಕಲ್ಲಿನಂತೆ ಗಟ್ಟಿ. ಎದುರಿಗೆ ಬಸ್ಸೊಂದು ಹತ್ತಿ ಬರುತ್ತಿದೆ. ಸೀಟಿನಿಂದ ಅರ್ಧ ಎದ್ದು, ಎರಡೂ ಕೈಯಲ್ಲಿ ಎಳೆದು ಹೇಗೋ ಚರಂಡಿ ಕಡೆಗೆ ತಿರುಗಿಸಿ ನಿಲ್ಲಿಸಿದೆ. ಬಾನೆಟ್ ಸಂದಿಯಿಂದ ಹೊಗೆ. ಕಾದ ಸೈಲೆನ್ಸರ್ ಪೈಪಿನ ಮೇಲೆ ಆಯಿಲ್ ಚುರ್ ಎನ್ನುತ್ತಿತ್ತು. ಅದು ಹೊತ್ತಿಕೊಳ್ಳಬಹುದಿತ್ತು. ಕ್ಲಿಪ್ ಪೈಪಿನ ತುದಿಯಲ್ಲಿ ಹಾಗೇ ಬಿಗಿಯಾಗಿಯೇ ಇತ್ತು. ಪೈಪು ಅದರ ಸಮೇತ ಜಾರಿ ಹೊರಬಂದಿತ್ತು.

ಪವರ್ ಸ್ಟೇರಿಂಗಿನಲ್ಲಿ ಎರಡು ಬಗೆಯ ಪೈಪು ಇರುತ್ತವೆ. ಆಯಿಲ್ ವಾಪಸ್ ಡಬ್ಬಿಗೆ ಬರುವ ರಿಟರ್ನ್ ಪೈಪಿನಲ್ಲಿ ಒತ್ತಡ ಕಡಿಮೆ, ಅಲ್ಲಿ ಕ್ಲಿಪ್ ಸಾಕು. ಪಂಪಿನಿಂದ ಚಕ್ರ ತಿರುಗಿಸುವ ಸ್ಟೇರಿಂಗ್ ಬಾಕ್ಸ್‌ಗೆ ಹೋಗುವುದು ಪ್ರೆಷರ್ ಪೈಪು. ಟೈರಿಗೆ ನಾವು 50-60 ಪಿಎಸ್‌ಐ ಗಾಳಿ ಹಾಕಿಸುತ್ತೇವೆ, ಅಲ್ವಾ? ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಈ ಪೈಪಿನೊಳಗೆ ಆಯಿಲ್ ಒತ್ತಡ 1000 ಪಿಎಸ್‌ಐ ದಾಟುತ್ತದೆ. ಅದಕ್ಕೇ ಕಂಪನಿಯವರು ಇದರ ತುದಿಗಳನ್ನು ಮೆಷಿನ್‌ನಲ್ಲಿ ಒತ್ತಿ ಕೂರಿಸಿರುತ್ತಾರೆ.

ಎರಡು ದಿನ ಕಾದಿದ್ದರೆ ಒಂದು ಬಾಡಿಗೆ ಹೋಗುತ್ತಿತ್ತು, ಅಷ್ಟೇ. ಈಗ ತರಕಾರಿಯೂ ಕೆಟ್ಟಿತು, ಆಯಿಲ್ ಇಲ್ಲದೆ ತಿರುಗಿದ ಪಂಪೂ ಹೋಯಿತು.

ಹೊಸ ಪೈಪು ಹಾಕಿಸುವಾಗ ಬೋಲ್ಟಿನ ತಾಮ್ರದ ವಾಷರ್ ಕೂಡ ಹೊಸದೇ ಹಾಕಿಸಿ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಆಯಿಲನ್ನೇ ತನ್ನಿ, ಬ್ರೇಕ್ ಆಯಿಲ್ ಸುರಿಯಲು ಬಿಡಬೇಡಿ, ಸೀಲುಗಳು ಹಾಳಾಗುತ್ತವೆ. ಆಮೇಲೆ ಪೈಪಿನೊಳಗೆ ಸೇರಿದ ಏರ್ ತೆಗೆಯಬೇಕು. ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ, ಎಂಜಿನ್ ಆಫ್ ಇಟ್ಟು, ಸ್ಟೇರಿಂಗನ್ನು ಆ ತುದಿಯಿಂದ ಈ ತುದಿಗೆ ನಿಧಾನ ತಿರುಗಿಸುತ್ತಾ ಆಯಿಲ್ ತುಂಬಿಸುವುದು. ಗುಳ್ಳೆ ನಿಂತ ಮೇಲೆಯೇ ಸ್ಟಾರ್ಟ್.

ಹಿಂದೆ ಯಾವಾಗಲಾದರೂ ಪೈಪ್ ಜೋಡಿಸಿದ್ದರೆ ಇವತ್ತೇ ಬಾನೆಟ್ ಎತ್ತಿ ನೋಡಿ. ಎಂಜಿನ್ ಓಡುತ್ತಿರುವಾಗ ಮಾತ್ರ ಬೆರಳಿಟ್ಟು ಲೀಕ್ ಹುಡುಕಬೇಡಿ. ಆ ಒತ್ತಡದಲ್ಲಿ ಆಯಿಲ್ ಚರ್ಮದೊಳಗೇ ನುಗ್ಗಬಹುದು.